ಬೇಸಿಗೆಯಲ್ಲಿ ಲೆಟ್ಯೂಸ್ ಸಸಿ: ಒದ್ದೆ ಮರಳಿನ ಮೊಳಕೆ ಗೂಡು ಕಟ್ಟಿದ ವಿವರ

ದೊಡ್ಡಬಳ್ಳಾಪುರದ ಕಡೆ ನವೆಂಬರಿನಿಂದ ಫೆಬ್ರುವರಿಯವರೆಗೆ ಸಲಾಡಿಗೆ ಬಳಸುವ ಲೆಟ್ಯೂಸ್ ಸೊಪ್ಪಿನ ಸಸಿ ಮಾಡುವುದು ಟೊಮೆಟೊ ಸಸಿ ಮಾಡಿದಷ್ಟೇ ಸುಲಭ. ಟ್ರೇಗೆ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಬೀಜ ಇಟ್ಟು, ನೀರು ಕೊಟ್ಟರೆ ಮೂರನೆಯ ದಿನಕ್ಕೆ ಹಸಿರು ಕಾಣುತ್ತದೆ. ಮಾರ್ಚ್ ಬಂತೆಂದರೆ ಅದೇ ಬೀಜ, ಅದೇ ಟ್ರೇ, ಅದೇ ಕೈ ಇದ್ದರೂ ಅರ್ಧಕ್ಕರ್ಧ ಕುಳಿಗಳು ಖಾಲಿ ಉಳಿಯುತ್ತವೆ. ಮೊಳೆತ ಬೀಜಗಳೂ ಹಿಂದುಮುಂದಾಗಿ ಏಳುವುದರಿಂದ ನಾಟಿಯ ಹೊತ್ತಿಗೆ ಒಂದೇ ಟ್ರೇಯಲ್ಲಿ ಮೂರು ವಯಸ್ಸಿನ ಸಸಿಗಳಿರುತ್ತವೆ. ಬೀಜ ಮಾರಿದವರನ್ನು ದೂರುವುದು, ಕೋಕೋಪಿಟ್ ಬದಲಿಸುವುದು, ನೀರು ಹೆಚ್ಚು ಮಾಡುವುದು ಎಲ್ಲವೂ ನಡೆಯುತ್ತದೆ. ತೊಂದರೆ ಮಾತ್ರ ಹಾಗೆಯೇ ಇರುತ್ತದೆ, ಏಕೆಂದರೆ ಅದರ ಮೂಲ ಇವು ಯಾವುದರಲ್ಲಿಯೂ ಇಲ್ಲ. ಬಿತ್ತಿದ ಮೇಲಿನ ಮೊದಲ ಎರಡು ದಿನ ಬೀಜಕ್ಕೆ ತಂಪು ಮತ್ತು ಬೆಳಕು ಎರಡೂ ಒಟ್ಟಿಗೆ ಸಿಗಬೇಕು, ನಮ್ಮ ಬೇಸಿಗೆಯ ಶೇಡ್ ನೆಟ್ಟಿನಡಿ ಸಿಗುವುದು ಬೆಳಕೊಂದೇ. ಈ ಎರಡು ದಿನಗಳ ಮಟ್ಟಿಗೆ ಟ್ರೇಗಳನ್ನು ಇಡಲು ಇಟ್ಟಿಗೆಯ ಗೂಡೊಂದನ್ನು ಕಟ್ಟಿದೆ. ಅದರ ಅಳತೆ, ಸಾಮಾನು ಮತ್ತು ಬಳಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಲೆಟ್ಯೂಸ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ತಂಪು ಹವೆಯ ಬೆಳೆ. ಬೀಜ ಚೆನ್ನಾಗಿ ಮೊಳೆಯುವುದು 15ರಿಂದ 20 ಡಿಗ್ರಿ ಸೆಲ್ಸಿಯಸ್ ನಡುವೆ. ತಳಿಯಿಂದ ತಳಿಗೆ ವ್ಯತ್ಯಾಸವಿದ್ದರೂ 25 ದಾಟಿದಂತೆ ಮೊಳಕೆ ಕುಂಠಿತವಾಗುತ್ತ ಹೋಗಿ, 30ರ ಆಸುಪಾಸಿನಲ್ಲಿ ಬಹಳಷ್ಟು ತಳಿಗಳಲ್ಲಿ ನಿಂತೇ ಹೋಗುತ್ತದೆ. ಬೀಜ ಸತ್ತಿರುವುದಿಲ್ಲ, ನೀರು ಹೀರಿ ಉಬ್ಬಿದ ಸ್ಥಿತಿಯಲ್ಲಿಯೇ ಸುಮ್ಮನೆ ಕುಳಿತಿರುತ್ತದೆ. ಒಂದೆರಡು ದಿನದಲ್ಲಿ ತಂಪು ಸಿಕ್ಕಿದರೆ ಎದ್ದೀತು, ಆದರೆ ಒದ್ದೆಯಾಗಿ ಬಿಸಿಯಲ್ಲಿ ಬಹಳ ದಿನ ಉಳಿದ ಬೀಜ ಗಾಢವಾದ ಸುಪ್ತಾವಸ್ಥೆಗೆ ಜಾರುವುದರಿಂದ ಆಮೇಲೆ ತಂಪು ಮಾಡಿದರೂ ಏಳುವುದಿಲ್ಲ. ಏಪ್ರಿಲಿನ ಮಧ್ಯಾಹ್ನ ಶೇಡ್ ನೆಟ್ಟಿನೊಳಗೆ ಟ್ರೇಯ ಕುಳಿಗೆ ಥರ್ಮಾಮೀಟರ್ ಚುಚ್ಚಿ ನೋಡಿದಾಗ ಕೋಕೋಪಿಟ್ 33 ಡಿಗ್ರಿ ತೋರಿಸುತ್ತಿತ್ತು. ಅದನ್ನು ನೋಡಿದ ಮೇಲೆ ಬೀಜದ ಗುಣಮಟ್ಟದ ಬಗ್ಗೆ ಚರ್ಚೆ ಮಾಡುವ ಅಗತ್ಯವೇ ಉಳಿಯಲಿಲ್ಲ.

ಬೆಳಕಿನ ವಿಷಯ ಇದಕ್ಕಿಂತ ಸ್ವಾರಸ್ಯಕರವಾದದ್ದು. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ವಿಜ್ಞಾನಿಗಳು 1952ರಲ್ಲಿ ‘ಗ್ರ್ಯಾಂಡ್ ರ‍್ಯಾಪಿಡ್ಸ್’ ಎಂಬ ಲೆಟ್ಯೂಸ್ ತಳಿಯ ನೆನೆಸಿದ ಬೀಜಗಳಿಗೆ ಕೆಂಪು ಬೆಳಕು ತೋರಿಸಿದಾಗ ಅವು ಮೊಳೆತವು. ಕೆಂಪಿನ ನಂತರ ಅತಿಕೆಂಪು, ಅಂದರೆ ನಮ್ಮ ಕಣ್ಣಿಗೆ ಕಂಡೂ ಕಾಣದ ಅಂಚಿನ ಕೆಂಪು, ತೋರಿಸಿದಾಗ ಮೊಳೆಯಲಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಯಲ್ಲಿ ತೋರಿಸಿದ ಬೆಳಕಿನ ಮಾತೇ ನಡೆಯಿತು. ಗಿಡಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಪತ್ತೆಯಾದದ್ದು ಈ ದಾರಿಯಲ್ಲಿ. ಸಸಿ ಮಾಡುವವರಿಗೆ ಇದರಿಂದ ತಿಳಿಯಬೇಕಾದ ಸಂಗತಿಗಳು ಎರಡು. ಲೆಟ್ಯೂಸ್ ಬೀಜವನ್ನು ಆಳಕ್ಕೆ ಹೂಳಬಾರದು, ಟೊಮೆಟೊ ಟ್ರೇಗಳಂತೆ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕತ್ತಲಲ್ಲಿಯೂ ಇಡಬಾರದು. ಎರಡನೆಯದಾಗಿ, ತಂಪಾಗಿದೆಯೆಂದು ಮಾವಿನ ಮರದಡಿ ಇಟ್ಟರೆ ಕೆಲಸ ಕೆಡುತ್ತದೆ, ಏಕೆಂದರೆ ಎಲೆಗಳು ಕೆಂಪು ಬೆಳಕನ್ನು ತಾವೇ ಹೀರಿಕೊಂಡು ಅತಿಕೆಂಪನ್ನು ಮಾತ್ರ ಕೆಳಕ್ಕೆ ಬಿಡುತ್ತವೆ. ಈಗಿನ ಎಷ್ಟೋ ತಳಿಗಳು ಬೆಳಕಿಲ್ಲದೆಯೂ ಮೊಳೆಯುತ್ತವೆ ಎಂಬುದು ನಿಜ, ಆದರೆ ಶಾಖ ಏರಿದಂತೆ ಬೆಳಕಿನ ಅವಲಂಬನೆಯೂ ಏರುತ್ತದೆ. ಬೇಸಿಗೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕಾಗುವುದು ಅದಕ್ಕೇ.

ತಂಪಿಗೆ ಮೊದಲು ಹೊಳೆಯುವುದು ಫ್ರಿಜ್. ಒದ್ದೆ ಬಟ್ಟೆಯಲ್ಲಿ ಬೀಜ ಸುತ್ತಿ ಒಂದೆರಡು ದಿನ ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು ಬಿತ್ತಿದರೆ ಫಲಿತಾಂಶ ಖಂಡಿತ ಸುಧಾರಿಸುತ್ತದೆ, ಮನೆಯ ತಾರಸಿಯಲ್ಲಿ ಒಂದು ಟ್ರೇ ಬೆಳೆಸುವವರಿಗೆ ಅಷ್ಟು ಸಾಕು. ಹನ್ನೆರಡು ಟ್ರೇ ಬಿತ್ತಬೇಕೆಂದಾಗ ಒದ್ದೆ ಬೀಜ ಬೆರಳಿಗೆ ಅಂಟಿಕೊಂಡು ಒಂದೊಂದಾಗಿ ಬಿಡಿಸಲು ಬಾರದು. ಜೇಡಿಯ ಲೇಪನವಿರುವ ಗುಳಿಗೆ ಬೀಜವನ್ನಂತೂ ಹೀಗೆ ನೆನೆಸುವಂತೆಯೇ ಇಲ್ಲ. ಏಸಿ ಕೋಣೆ ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಉಳಿದದ್ದು ನವದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ಹಣ್ಣು ತರಕಾರಿ ಇಡಲೆಂದು ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆ. ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ 7.5 ಸೆಂಟಿಮೀಟರ್ ಸಂದು, ಆ ಸಂದಿಗೆ ಮರಳು, ಮರಳಿಗೆ ನೀರು, ಇಷ್ಟೇ ಅದರ ರಚನೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಹಾಗೆಯೇ ಹೊರಗೋಡೆಯಿಂದ ನೀರು ಆವಿಯಾಗಿ ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ. ತರಕಾರಿಗೆ ಮಾಡಿದ ಗೂಡಿಗೆ ಬೆಳಕು ಬೇಕಿರಲಿಲ್ಲ. ನನ್ನದರಲ್ಲಿ ಅದೊಂದನ್ನು ಸೇರಿಸಬೇಕಾಯಿತು.

ಅಳತೆಯನ್ನು ಟ್ರೇಯಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ನಮ್ಮಲ್ಲಿ ಎಲ್ಲೆಡೆ ಸಿಗುವ 98 ಕುಳಿಯ ಪ್ರೋಟ್ರೇ ಸುಮಾರು 54 ಸೆಂಟಿಮೀಟರ್ ಉದ್ದ, 27 ಅಗಲ. ಒಳಗಿನ ಜಾಗ 120 ಸೆಂಟಿಮೀಟರ್ ಉದ್ದ, 65 ಅಗಲ ಇದ್ದರೆ ಅಡ್ಡಡ್ಡಲಾಗಿ ನಾಲ್ಕು ಟ್ರೇ ಕೂರುತ್ತವೆ, ಸುತ್ತಲೂ ಕೈ ಆಡಿಸಲು ಜಾಗ ಉಳಿಯುತ್ತದೆ. ಎತ್ತರ ಮೂಲ ವಿನ್ಯಾಸದ 67.5 ಸೆಂಟಿಮೀಟರನ್ನೇ ಇಟ್ಟುಕೊಂಡೆ. ಅದರೊಳಗೆ ಮೂರು ಅಂತಸ್ತು ಹಿಡಿಯುತ್ತದೆ. ಹನ್ನೆರಡು ಟ್ರೇಗೆ 1176 ಕುಳಿ. ಅಡಿಗೊಂದರಂತೆ ನಾಟಿ ಮಾಡಿದರೆ ಒಂದು ಗುಂಟೆಗೆ 1089 ಸಸಿ ಹಿಡಿಯುತ್ತದೆ, ಓಡಾಡುವ ದಾರಿ ಬಿಟ್ಟರೆ ಇನ್ನೂ ಕಡಿಮೆ. ಹಾಗಾಗಿ ಗೂಡಿನ ಒಂದು ತುಂಬು ಒಂದು ಗುಂಟೆಯ ನಾಟಿಗೂ ಆಮೇಲೆ ಸತ್ತ ಸಸಿಯ ಜಾಗ ತುಂಬುವುದಕ್ಕೂ ಸಾಲುತ್ತದೆ.

ಜಾಗ ಆರಿಸುವಾಗ ನೋಡಿದ್ದು ಗಾಳಿಯನ್ನು. ನೆರಳು ಬೇಕು ನಿಜ, ಆದರೆ ಮೂರು ಕಡೆ ಗೋಡೆ ಇರುವ ಮೂಲೆಯಲ್ಲಿ ಕಟ್ಟಿದರೆ ಆವಿ ಅಲ್ಲಿಯೇ ನಿಂತು ತಂಪು ಹುಟ್ಟುವುದಿಲ್ಲ. ಪಂಪ್ ಮನೆಯ ಹಿಂದೆ, ಗಾಳಿ ಆಡುವ ಸ್ವಲ್ಪ ಎತ್ತರದ ನೆಲದಲ್ಲಿ ಒಂದು ಸಾಲು ಇಟ್ಟಿಗೆ ಹಾಸಿ, ಅದರ ಮೇಲೆ ಎರಡು ಸುತ್ತು ಗೋಡೆ ಎಬ್ಬಿಸಲಾಯಿತು. ಇಟ್ಟಿಗೆ ನಾಟಿ ಇಟ್ಟಿಗೆಯೇ ಆಗಬೇಕು. ಯಂತ್ರದಲ್ಲಿ ಒತ್ತಿ ತೆಗೆದ ಗಟ್ಟಿ ಇಟ್ಟಿಗೆ ಅಷ್ಟಾಗಿ ನೀರು ಕುಡಿಯುವುದಿಲ್ಲ, ಸಿಮೆಂಟ್ ಬ್ಲಾಕ್ ಈ ಕೆಲಸಕ್ಕೆ ಬಾರದು. ಬಕೆಟ್ಟಿನಲ್ಲಿ ಮುಳುಗಿಸಿದಾಗ ಬಹಳ ಹೊತ್ತು ಗುಳ್ಳೆ ಬಿಡುವ ಇಟ್ಟಿಗೆ ಒಳ್ಳೆಯದೆಂದು ಗಾರೆ ಕೆಲಸದವರಿಗೆ ಹೇಳಿದಾಗ ಅವರು ನಕ್ಕರು, ಮನೆ ಕಟ್ಟುವಾಗ ಅಂಥದ್ದನ್ನು ಬೇಡವೆಂದು ಹಿಂದಕ್ಕೆ ಕಳಿಸುವುದು ವಾಡಿಕೆ. ಸಿಮೆಂಟ್ ಗಾರೆ ಬಳಸಲಿಲ್ಲ, ಕಲಸಿದ ಕೆಮ್ಮಣ್ಣು ಸಾಕಾಯಿತು. ಪ್ಲಾಸ್ಟರ್ ಅಂತೂ ಮಾಡಲೇಬಾರದು. ನೆಲ ಸೇರಿ ಐನೂರರಷ್ಟು ಇಟ್ಟಿಗೆ ಹಿಡಿಯಿತು.

ಸಂದಿಗೆ ಹೊಳೆ ಮರಳು ಬೇಕೆಂದು ಪೂಸಾ ವಿನ್ಯಾಸ ಹೇಳುತ್ತದೆ. ಅದರ ಇಂದಿನ ಬೆಲೆ ಎಲ್ಲರಿಗೂ ಗೊತ್ತಿರುವುದರಿಂದ ಎಂ-ಸ್ಯಾಂಡನ್ನೇ ಹಾಕಿದೆ. ಆದರೆ ಅದರಲ್ಲಿರುವ ಕಲ್ಲುಹಿಟ್ಟು ತಳದಲ್ಲಿ ಹೆಪ್ಪುಗಟ್ಟಿ ನೀರಿನ ಹರಿವನ್ನು ತಡೆಯುವುದರಿಂದ, ಬಾಂಡಲಿಯಲ್ಲಿ ತೊಳೆದು ತಿಳಿನೀರು ಬರುವಂತಾದ ಮೇಲೆ ತುಂಬಿಸಿದೆ. ಮರಳಿನ ಮೇಲೆ ಹಳೆಯ 16 ಮಿಲಿಮೀಟರ್ ಡ್ರಿಪ್ ಪೈಪನ್ನು ಸುತ್ತಿಸಿ, ಪಂಪ್ ಮನೆಯ ಸಜ್ಜದ ಮೇಲಿಟ್ಟ ಡ್ರಮ್ಮಿನಿಂದ ಸಂಪರ್ಕ ಕೊಟ್ಟಿದ್ದೇನೆ. ಬೆಳಿಗ್ಗೆ ಸಂಜೆ ಡ್ರಮ್ ತುಂಬಿಸಿದರೆ ಹಗಲಿಡೀ ಜಿನುಗುತ್ತಿರುತ್ತದೆ. ಮೇಲ್ಮುಚ್ಚಳಕ್ಕೆ ಬಿದಿರಿನ ಚೌಕಟ್ಟು, ಅದರ ಮೇಲೆ ಎರಡು ಪದರ ಒದ್ದೆ ಗೋಣಿತಾಟು. ಇಡೀ ಗೂಡಿನ ಮೇಲೆ ಆಳೆತ್ತರದಲ್ಲಿ ತೆಂಗಿನ ಸೋಗೆಯ ಚಪ್ಪರವಿದೆ, ನೇರ ಬಿಸಿಲು ಬಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಒಳಗಿನ ಅಂತಸ್ತುಗಳು ಕಬ್ಬಿಣದ ಆಂಗಲ್ ಮತ್ತು ವೆಲ್ಡ್ ಮೆಶ್‌ನವು. ಒಳಗಿನ ತೇವಕ್ಕೆ ಬೇಗ ತುಕ್ಕು ಹಿಡಿಯುವುದರಿಂದ ರೆಡ್ ಆಕ್ಸೈಡ್ ಹೊಡೆದು ಅದರ ಮೇಲೆ ಬಣ್ಣ ಕೊಡಿಸಿದೆ. ಪ್ರತಿ ಅಂತಸ್ತಿನ ಮೇಲೂ, ಕೆಳಗಿನ ಟ್ರೇಗೆ ಎದುರಾಗಿ, ಸಿಲಿಕೋನ್ ಹೊದಿಕೆಯ 12 ವೋಲ್ಟ್ ಬಿಳಿ ಎಲ್‌ಇಡಿ ಪಟ್ಟಿ ಎಳೆದಿದ್ದೇನೆ. ಒದ್ದೆ ಗೋಡೆಯ ಗೂಡಿನೊಳಗೆ 230 ವೋಲ್ಟಿನ ತಂತಿ ತರುವುದು ಯಾವ ಕಾರಣಕ್ಕೂ ಬೇಡ. ಅಡಾಪ್ಟರ್ ಪಂಪ್ ಮನೆಯೊಳಗೆ ಒಣಗಿದ ಜಾಗದಲ್ಲಿದ್ದು, ಗೂಡಿಗೆ ಬರುವುದು 12 ವೋಲ್ಟ್ ಮಾತ್ರ. ಹಳೆಯ ತಂತಿಬುರುಡೆಯ ಬಲ್ಬ್ ಬಳಸಬಹುದೇ ಎಂದು ಕೇಳಿದವರಿದ್ದಾರೆ. ಅದು ಒಳಗಿನ ತಂಪನ್ನು ಕೆಡಿಸುವುದರ ಜೊತೆಗೆ ಅತಿಕೆಂಪನ್ನು ಧಾರಾಳವಾಗಿ ಚೆಲ್ಲುವುದರಿಂದ ಬೇಡವೆಂದೇ ಹೇಳುತ್ತೇನೆ. ಬಿಳಿ ಎಲ್‌ಇಡಿಯಲ್ಲಿ ಬೀಜಕ್ಕೆ ಬೇಕಾದಷ್ಟು ಕೆಂಪು ಇರುತ್ತದೆ, ಅತಿಕೆಂಪು ಹೆಚ್ಚಿರುವುದಿಲ್ಲ.

ಮರಳು ನೆನೆದು ಎರಡು ದಿನ ಕಳೆದ ಮೇಲೆ ಅಳೆದೆ. ಏಪ್ರಿಲಿನ ಒಣ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದಾಗ ಒಳಗೆ 25ರ ಆಸುಪಾಸು ನಿಂತಿತು, ಬೆಳಗಿನ ಜಾವ 21ಕ್ಕೆ ಇಳಿಯಿತು. ಇದಕ್ಕಿಂತ ಹೆಚ್ಚು ತಂಪನ್ನು ಈ ವಿಧಾನದಿಂದ ಬಯಸುವಂತಿಲ್ಲ, ಏಕೆಂದರೆ ಗಾಳಿ ಎಷ್ಟು ಒಣಗಿದೆ ಎಂಬುದೇ ಅದರ ಮಿತಿ. ಇದೇ ಕಾರಣಕ್ಕೆ ಮಂಗಳೂರು, ಉಡುಪಿಯ ಬೆವರಿಳಿಸುವ ಸೆಕೆಯಲ್ಲಿ ಈ ಗೂಡಿನಿಂದ ಹೆಚ್ಚೇನೂ ಸಾಧ್ಯವಾಗದು. ಬಯಲುಸೀಮೆಯ ಒಣಹವೆಗೆ ಹೇಳಿ ಮಾಡಿಸಿದ ಸಾಧನವಿದು. 25 ಡಿಗ್ರಿ ಲೆಟ್ಯೂಸಿಗೆ ಆದರ್ಶವೇನಲ್ಲ, ಆದರೆ 33ಕ್ಕೂ 25ಕ್ಕೂ ಇರುವ ಅಂತರ ಬೀಜದ ಪಾಲಿಗೆ ಖಾಲಿ ಟ್ರೇಗೂ ತುಂಬಿದ ಟ್ರೇಗೂ ಇರುವ ಅಂತರ.

ಇನ್ನು ಕೋಕೋಪಿಟ್. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಶಿಯಂ ಮತ್ತು ಸೋಡಿಯಂ ಸಹಜವಾಗಿಯೇ ಇರುತ್ತವೆ, ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಇನ್ನೂ ಹೆಚ್ಚು. ಲೆಟ್ಯೂಸಿನ ಎಳೆ ಸಸಿಗೆ ಉಪ್ಪು ಆಗಿಬರುವುದಿಲ್ಲ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪಿಟ್‌ನ 5 ಕೆಜಿಯ ಒಂದು ಇಟ್ಟಿಗೆ ನೆನೆದರೆ 70 ಲೀಟರಿನಷ್ಟು ಉಬ್ಬುತ್ತದೆ, ಹನ್ನೆರಡು ಟ್ರೇ ತುಂಬಿ ಮಿಗುತ್ತದೆ. ನಾನು ತಂದ ಇಟ್ಟಿಗೆಯನ್ನು ನೆನೆಸಿ ಮೊದಲು ಹಿಂಡಿದ ನೀರಿನ ಇಸಿ, ಅಂದರೆ ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, 2 ಮಿಲಿಸೀಮೆನ್ಸ್ ಮೀರಿತ್ತು. ತೊಳೆದು ಬಸಿದು, ಮತ್ತೆ ತೊಳೆದು, 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು, ಇನ್ನೊಮ್ಮೆ ತೊಳೆದಾಗ 0.5ಕ್ಕಿಂತ ಕೆಳಗೆ ಬಂತು. ಕ್ಯಾಲ್ಸಿಯಂ ಏಕೆಂದರೆ ನಾರಿನ ಪುಡಿಯ ಕಣಗಳನ್ನು ಅಂಟಿಕೊಂಡಿರುವ ಸೋಡಿಯಂ, ಪೊಟ್ಯಾಶಿಯಂಗಳನ್ನು ಬರಿಯ ನೀರು ಪೂರ್ತಿ ಬಿಡಿಸಲಾರದು; ಕ್ಯಾಲ್ಸಿಯಂ ಅವುಗಳನ್ನು ತಳ್ಳಿ ತಾನು ಕೂರುತ್ತದೆ. ಹಾಗೆ ಮಾಡದಿದ್ದರೆ ಆಮೇಲೆ ಸಸಿಗೆಂದು ಕೊಟ್ಟ ಕ್ಯಾಲ್ಸಿಯಂ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತುಂಬುವಾಗಿನ ಹದವನ್ನು ಮುಷ್ಟಿಯಲ್ಲಿ ನೋಡುವುದು ಸುಲಭ. ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಈ ಹಂತದಲ್ಲಿಯೇ ಬೆರೆಸಿದರೆ ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳಿಗೆ ಜಾಗ ಸಿಗುವುದು ಕಷ್ಟವಾಗುತ್ತದೆ. ಹಳೆಯ ಟ್ರೇಗಳನ್ನು ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿಗೆ ಒಣಗಿಸಿಯೇ ತುಂಬಬೇಕು.

ಬಿತ್ತನೆಗೆ ಒಂದು ಹಲಗೆ ಮಾಡಿಕೊಂಡೆ. ಟ್ರೇಯ ಅಳತೆಯ ಪ್ಲೈವುಡ್ ತುಂಡಿನ ಮೇಲೆ ಖಾಲಿ ಟ್ರೇಯನ್ನು ಬೋರಲಿಟ್ಟು, ಉದ್ದಕ್ಕೆ 14, ಅಗಲಕ್ಕೆ 7ರಂತೆ ಪ್ರತಿ ಕುಳಿಯ ನಡುವನ್ನು ಗುರುತು ಮಾಡಿ, ಗುಂಡುತಲೆಯ ಬೋಲ್ಟುಗಳನ್ನು ತಲೆ 5 ಮಿಲಿಮೀಟರ್ ಹೊರಚಾಚುವಂತೆ ಬಿಗಿದದ್ದು. ತುಂಬಿದ ಟ್ರೇಯ ಮೇಲೆ ಇದನ್ನು ಒಮ್ಮೆ ಒತ್ತಿದರೆ ಎಲ್ಲ ಕುಳಿಗಳ ನಡುವೆಯೂ ಒಂದೇ ಆಳದ ತಗ್ಗು ಮೂಡುತ್ತದೆ. ಲೆಟ್ಯೂಸ್ ಬೀಜ ಗ್ರಾಮಿಗೆ 800ರಿಂದ 1000 ತೂಗುವಷ್ಟು ಹಗುರ, ಜೀರಿಗೆಗಿಂತ ಸಣ್ಣ, ಎರಡೂ ತುದಿ ಮೊನಚು. ಬೆರಳಿಗೆ ಸಿಕ್ಕದ ಇದನ್ನು ಎತ್ತಲು ತೆಂಗಿನ ಕಡ್ಡಿಯ ತುದಿಯನ್ನು ನೀರಿಗೆ ಮುಟ್ಟಿಸಿ, ತಟ್ಟೆಯಲ್ಲಿ ಹರಡಿದ ಬೀಜಕ್ಕೆ ತಾಗಿಸಬೇಕು. ಒಂದು ಬೀಜ ಅಂಟಿ ಬರುತ್ತದೆ, ತಗ್ಗಿನ ಒದ್ದೆ ಕೋಕೋಪಿಟ್‌ಗೆ ತಾಗಿದೊಡನೆ ಕಳಚಿಕೊಳ್ಳುತ್ತದೆ. ಕಡ್ಡಿಯಲ್ಲಿ ಹನಿ ತೂಗುವಷ್ಟು ನೀರಿದ್ದರೆ ಮೂರು ನಾಲ್ಕು ಒಟ್ಟಿಗೆ ಬರುವುದರಿಂದ ಆಗಾಗ ತುದಿಯನ್ನು ಬಟ್ಟೆಗೆ ಒತ್ತಿಕೊಳ್ಳಬೇಕು. ಗುಳಿಗೆ ಬೀಜ ದುಬಾರಿಯಾದರೂ ಈ ಕೆಲಸವನ್ನು ಉಳಿಸುತ್ತದೆ. ಆದರೆ ಅದರ ಲೇಪನ ಒಡೆದ ಮೇಲೆ ಒಮ್ಮೆ ಒಣಗಿದರೂ ಬೀಜ ಕೈಕೊಡುತ್ತದೆ. ಮೇಲೆ ಮುಚ್ಚಲು ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹರಳು ಮಾತ್ರ, ಅದೂ ಬೀಜ ಅಲ್ಲಲ್ಲಿ ಇಣುಕುವಷ್ಟು ತೆಳುವಾಗಿ.

ಬಿತ್ತುವುದು ಸಂಜೆಯೇ. ನೀರು ಹೀರಿದ ಮೊದಲ ಕೆಲವು ಗಂಟೆಗಳಲ್ಲಿ ಬೀಜ ಶಾಖಕ್ಕೆ ಅತಿ ಸೂಕ್ಷ್ಮವಾಗಿರುವುದರಿಂದ ಆ ಗಂಟೆಗಳು ರಾತ್ರಿಯಲ್ಲಿ ಬೀಳುವಂತೆ ನೋಡಿಕೊಂಡರೆ, ಗೂಡಿಲ್ಲದವರಿಗೂ ಅರ್ಧ ಕೆಲಸ ಆದಂತೆ. ಟ್ರೇಗಳನ್ನು ಗೂಡಿಗೆ ಸೇರಿಸಿ ದೀಪ ಹಾಕಿದ ಮೇಲೆ ಮರುದಿನ ನೋಡುವಂಥದ್ದು ಏನೂ ಇರುವುದಿಲ್ಲ. ಎರಡನೆಯ ದಿನ ಸಂಜೆ ಭೂತಗನ್ನಡಿ ಹಿಡಿದು ನೋಡಿದರೆ ಬೀಜದ ಒಂದು ತುದಿ ಸೀಳಿ ದಾರದಂಥ ಬಿಳಿ ಬೇರು ಹೊರಬಂದು ಕೆಳಕ್ಕೆ ಬಾಗಿರುತ್ತದೆ, ಕೆಲವು ಕುಳಿಗಳಲ್ಲಿ ಕಾಂಡ ಕೊಕ್ಕೆಯಂತೆ ಎದ್ದು ನಿಂತಿರುತ್ತದೆ. ಮುಕ್ಕಾಲು ಪಾಲು ಬೀಜಗಳು ಈ ಹಂತಕ್ಕೆ ಬಂದೊಡನೆ ಟ್ರೇ ಹೊರಗೆ ಬರಲೇಬೇಕು. ಉಳಿದವು ಮೊಳೆಯಲೆಂದು ಇನ್ನೊಂದು ದಿನ ಕಾದರೆ ಮೊದಲು ಎದ್ದವು ಮಂದ ಬೆಳಕಿನಲ್ಲಿ ಸೊರಗಿ ಉದ್ದವಾಗುತ್ತವೆ, ಹಾಗೆ ಉದ್ದವಾದ ಕತ್ತು ಮತ್ತೆ ಗಿಡ್ಡವಾಗುವುದಿಲ್ಲ. ಬೇರು ಮೂಡಿದ ಬೀಜಕ್ಕೆ ಮರುದಿನದ 33 ಡಿಗ್ರಿ ಅಷ್ಟು ದೊಡ್ಡ ಅಡ್ಡಿಯಲ್ಲ ಎಂಬುದೇ ಈ ಗೂಡು ಉಪಯೋಗಕ್ಕೆ ಬರುವುದರ ಗುಟ್ಟು. ಮೊಳಕೆಯ ಬೀಗ ತೆಗೆದಾದ ಮೇಲೆ ಸಸಿ ನಮ್ಮ ಬೇಸಿಗೆಯನ್ನು ನೆರಳಿನಡಿ ತಾಳಿಕೊಳ್ಳುತ್ತದೆ. ಹೀಗೆ ಹೊರಬಂದ ಟ್ರೇಗಳಲ್ಲಿ ಖಾಲಿ ಕುಳಿಗಳು ಸಾಲಿಗೊಂದು ಸಿಕ್ಕಿದರೂ ಹೆಚ್ಚು.

ಹೊರಗೆ, ಶೇಕಡಾ 50ರ ಶೇಡ್ ನೆಟ್ ಮತ್ತು 40 ಮೆಶ್‌ನ ಕೀಟ ಪರದೆಯ ಕೆಳಗೆ, ಸೊಂಟದ ಎತ್ತರದ ಜಿಐ ಪೈಪಿನ ಮಂಚ. ಟ್ರೇ ನೆಲಕ್ಕೆ ತಾಗಬಾರದು. ತಳದ ತೂತಿನಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ ನಿಂತರೆ ಕುಳಿಯೊಳಗೆ ಕವಲು ಬೇರು ಹೆಚ್ಚುತ್ತದೆ, ನೆಲ ಸಿಕ್ಕಿದರೆ ಬೇರು ಅಲ್ಲಿಗೆ ಇಳಿದು ಕೀಳುವಾಗ ಹರಿಯುತ್ತದೆ. ಮಂಚದ ಮತ್ತು ಗೂಡಿನ ಒಳ ಅಂತಸ್ತಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ್ದೇನೆ. ಇರುವೆಗಳು ಲೆಟ್ಯೂಸ್ ಬೀಜವನ್ನು ಹೊತ್ತೊಯ್ಯುವ ಶಿಸ್ತನ್ನು ಕಣ್ಣಾರೆ ಕಂಡವರಿಗೆ ಈ ಏರ್ಪಾಡು ಅತಿಯೆನಿಸದು. ಮೊಳೆಯಲಿಲ್ಲವೆಂದು ಲೆಕ್ಕ ಹಾಕಿದ ಎಷ್ಟೋ ಕುಳಿಗಳಲ್ಲಿ ಬೀಜವೇ ಇರುವುದಿಲ್ಲ.

ನೀರು ಬೆಳಿಗ್ಗೆ ಝಾರಿಯಿಂದ, ಬಿಸಿಲು ಹೆಚ್ಚಿದ್ದರೆ ಮಧ್ಯಾಹ್ನದ ಮೇಲೆ ಇನ್ನೊಮ್ಮೆ. ಎಲೆ ಒದ್ದೆಯಾಗಿ ರಾತ್ರಿ ಕಳೆಯಬಾರದು. ಅಂಚಿನ ಕುಳಿಗಳು ಮೊದಲು ಒಣಗುವುದರಿಂದ ಎರಡು ದಿನಕ್ಕೊಮ್ಮೆ ಟ್ರೇ ತಿರುಗಿಸಿಡುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ಕೊಡುತ್ತ ಹೋದರೆ ಕೋಕೋಪಿಟ್‌ನ ಪಿಎಚ್ ಏರಿ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿ 6ರ ಆಸುಪಾಸಿಗೆ ಇಳಿಸಿದ ನೀರು ಕೊಟ್ಟರೆ ಹಾಗಾಗುವುದಿಲ್ಲ. ಮೊದಲ ನಿಜವಾದ ಎಲೆ ಬಿಚ್ಚಿದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಸಮಪ್ರಮಾಣದಲ್ಲಿರುವುದು) ಲೀಟರಿಗೆ 1 ಗ್ರಾಂ, ಇನ್ನೊಂದು ಸರದಿಗೆ ಕ್ಯಾಲ್ಸಿಯಂ ನೈಟ್ರೇಟ್ ಅಷ್ಟೇ ಪ್ರಮಾಣದಲ್ಲಿ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಸುಣ್ಣದಂತೆ ತಳಕ್ಕೆ ಕೂರುತ್ತವೆ.

ನಾಲ್ಕೈದು ಎಲೆ ಬರುವ ಹೊತ್ತಿಗೆ, ಅಂದರೆ ಮೂರರಿಂದ ನಾಲ್ಕು ವಾರದಲ್ಲಿ, ಸಸಿ ನಾಟಿಗೆ ಸಿದ್ಧ. ದಿನ ಎಣಿಸುವುದಕ್ಕಿಂತ ಬೇರನ್ನು ನೋಡುವುದು ಮೇಲು. ಕುಳಿಯ ತಳವನ್ನು ಒತ್ತಿ ಎಲೆ ಹಿಡಿದೆತ್ತಿದರೆ ಕೋಕೋಪಿಟ್ ಉದುರದೆ ಇಡೀ ಗಡ್ಡೆ ಬೇರಿನ ಬಲೆಯೊಂದಿಗೆ ಬರಬೇಕು; ಬೇರು ಕಂದುಬಣ್ಣಕ್ಕೆ ತಿರುಗಿ ಸುತ್ತಿಕೊಂಡಿದ್ದರೆ ತಡವಾಗಿದೆ ಎಂದರ್ಥ, ಅಂಥ ಸಸಿ ಬಿಸಿಲಿಗೆ ಬೇಗ ಹೂದಂಟು ಎತ್ತುತ್ತದೆ. ಕೊನೆಯ ನಾಲ್ಕೈದು ದಿನ ನೀರು ಕಡಿಮೆ ಮಾಡಿ, ಬೆಳಗಿನ ಬಿಸಿಲಿಗೆ ಒಡ್ಡಿ ಗಟ್ಟಿ ಮಾಡಬೇಕು. ನಾಟಿ ಸಂಜೆ, ಹಿಂದಿನ ದಿನವೇ ನೆನೆಸಿದ ಮಡಿಯಲ್ಲಿ, ಗಡ್ಡೆಯ ಮೇಲ್ಮೈ ಮಣ್ಣಿನ ಮಟ್ಟಕ್ಕೆ ಸಮನಾಗಿ. ಟೊಮೆಟೊ ಸಸಿಯಂತೆ ಕತ್ತಿನವರೆಗೆ ಹೂತರೆ ಸುಳಿಗೆ ಮಣ್ಣು ಸೇರಿ ಕೊಳೆಯುತ್ತದೆ. ಏಪ್ರಿಲ್ ನಾಟಿಗೆ ನಾನು ಬಟೇವಿಯಾ ಮತ್ತು ಬಿಡಿ ಎಲೆಯ ಹಸಿರು ತಳಿಗಳನ್ನು ಮಾತ್ರ ಹಾಕುತ್ತೇನೆ. ಐಸ್‌ಬರ್ಗ್ ಗೂಡಿನೊಳಗೆ ಮೊಳೆಯುತ್ತದೆ, ಗದ್ದೆಯ ಆ ಬಿಸಿಲಿನಲ್ಲಿ ಎಲೆಕೋಸಿನಂತೆ ಉಂಡೆ ಕಟ್ಟುವುದಿಲ್ಲ.

ಜೂನ್ ಮಳೆ ಹಿಡಿದ ಮೇಲೆ ಗಾಳಿಯಲ್ಲಿ ತೇವ ಹೆಚ್ಚಿ ಗೂಡಿನ ಒಳಗೂ ಹೊರಗೂ ವ್ಯತ್ಯಾಸ ಉಳಿಯುವುದಿಲ್ಲ, ಅಷ್ಟರಲ್ಲಿ ಹೊರಗಿನ ಹವೆಯೇ ತಂಪಾಗಿರುವುದರಿಂದ ಅದರ ಅಗತ್ಯವೂ ಇರುವುದಿಲ್ಲ. ಆಗ ಡ್ರಿಪ್ ನಿಲ್ಲಿಸಿ, ಮುಚ್ಚಳ ತೆಗೆದು, ಮರಳನ್ನು ಪೂರ್ತಿ ಆರಲು ಬಿಡುತ್ತೇನೆ. ಇಟ್ಟಿಗೆಯ ಹೊರಮೈಯಲ್ಲಿ ಗಡಸು ನೀರಿನ ಬಿಳಿ ಪದರ ಕಟ್ಟಿರುತ್ತದೆ. ಅದು ರಂಧ್ರಗಳನ್ನು ಮುಚ್ಚಿ ಮುಂದಿನ ಬೇಸಿಗೆಯ ತಂಪನ್ನು ಕಡಿಮೆ ಮಾಡುವುದರಿಂದ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯುವ ಕೆಲಸ ಮಾತ್ರ ಆಗ ಬಾಕಿ ಇರುತ್ತದೆ.